ಮೊಬೈಲ್ ಬ್ಯಾಂಕಿಂಗ್ ಬರಹದಲ್ಲಿ 'ಅಡಾಪ್ಷನ್'ಗೆ 'ಅಳವಡಿಕೆ' ಒಪ್ಪುತ್ತದೆಯೇ?

ಗೆಳೆಯರೆ,

ಬೆಳೆಯುತ್ತಿರುವ ದೇಶಗಳ ಜನ ಮೊಬೈಲ್ ಬ್ಯಾಂಕಿಂಗನ್ನು ಯಾಕೆ ಕೈಗೆತ್ತಿಕೊಳ್ಳುತ್ತಾರೆ, ಯಾಕೆ ದೂರವಿಡುತ್ತಾರೆ ಎಂಬುದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ಅಡಾಪ್ಷನ್, ಅಂದರೆ ಹೊಸ ಸೇವೆಯೊಂದನ್ನು ಜನ ಬಳಸತೊಡಗುವುದು. 'ದತ್ತು' ಇಲ್ಲಿ ನಗೆಪಾಟಲು. 'ಅಳವಡಿಕೆ' ಪತ್ರಿಕೆಗಳಲ್ಲಿ ಓಡುತ್ತದೆ, ಆದರೆ ನನ್ನ ಕಿವಿಗೆ ಅದು ಸಂಸ್ಥೆಯ ಕೆಲಸ. ಬ್ಯಾಂಕು ತಂತ್ರಾಂಶ ಅಳವಡಿಸುತ್ತದೆ, ಪಂಚಾಯಿತಿ ಸಿಸಿ ಕ್ಯಾಮೆರಾ ಅಳವಡಿಸುತ್ತದೆ. ಗ್ರಾಹಕರಿಗೆ ಅದು ರೂಢಿಯಾಗುತ್ತದೆ, ಇಲ್ಲವೇ ಆಗುವುದಿಲ್ಲ.

ಮೊಬೈಲ್ ಮೂಲಕ ಹಣ ಕಳಿಸುವ ಕೀನ್ಯಾದ ಸೇವೆ ಎಂ-ಪೆಸಾ ನೋಡಿ. 2007ರ ಮಾರ್ಚಿನಲ್ಲಿ ಅಲ್ಲಿನ ಮೊಬೈಲ್ ಕಂಪನಿ ಸಫಾರಿಕಾಮ್ ಇದನ್ನು ಶುರುಮಾಡಿದಾಗ ಜಾಹೀರಾತು ಹೇಳಿದ್ದು ಇಷ್ಟೇ: ಊರಿಗೆ ದುಡ್ಡು ಕಳಿಸಿ. ನೈರೋಬಿಯಲ್ಲಿ ದುಡಿಯುವವರು ಅದುವರೆಗೆ ಬಸ್ಸಿನವರ ಕೈಯಲ್ಲೋ ಊರ ಕಡೆ ಹೊರಟ ಪರಿಚಿತರ ಕೈಯಲ್ಲೋ ಹಣ ಕೊಟ್ಟು ಕಳಿಸುತ್ತಿದ್ದರು. ಎಂ-ಪೆಸಾಗೆ ಬ್ಯಾಂಕ್ ಖಾತೆ ಬೇಡ, ಇಂಟರ್ನೆಟ್ ಬೇಡ. ಹತ್ತಿರದ ಏಜೆಂಟ್ ಅಂಗಡಿಯಲ್ಲಿ ನಗದು ಕಟ್ಟಿದರಾಯಿತು. ವರ್ಷದ ಕೊನೆಗೆ ಚುನಾವಣೆಯ ಬೆನ್ನಿಗೆ ಗಲಭೆ ಎದ್ದು ಓಡಾಟ ನಿಂತಾಗ, ಸಿಕ್ಕಿಬಿದ್ದ ನೆಂಟರಿಗೆ ದುಡ್ಡು ಮುಟ್ಟಿಸಲು ಇದೇ ಒದಗಿತು. ಇದನ್ನು 'ಅಂಗೀಕಾರ' ಎಂದರೆ ಜನ ಸಭೆ ಸೇರಿ ಠರಾವು ಮಾಡಿದಂತೆ ಕೇಳುತ್ತದೆ. (ಅಂದಹಾಗೆ, ಸ್ವಾಹಿಲಿಯ 'ಪೆಸಾ' ನಮ್ಮ ಪೈಸೆಯ ನೆಂಟ. ಆ ನುಡಿಯಲ್ಲಿ ಏಜೆಂಟನಿಗೆ 'ವಕಾಲಾ' ಎನ್ನುತ್ತಾರೆ. ಅದಕ್ಕೂ ನಮ್ಮ ವಕೀಲರಿಗೂ ಅರಬ್ಬಿ ಬೇರು ಒಂದೇ.)

ಎರಡನೆಯದು ಇನ್ನೂ ಕಷ್ಟ. ಈ ವಿಷಯದ ಅಧ್ಯಯನಗಳು ಮತ್ತೆ ಮತ್ತೆ ಹಿಂದಿರುಗುವುದು ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಮುಂದಿಟ್ಟ ಎರಡು ಅಳತೆಗಳಿಗೆ: ಪರ್ಸೀವ್ಡ್ ಯೂಸ್‌ಫುಲ್‌ನೆಸ್ (ಇದರಿಂದ ಉಪಯೋಗವಿದೆ ಎನ್ನಿಸುವುದು), ಪರ್ಸೀವ್ಡ್ ಈಸ್ ಆಫ್ ಯೂಸ್ (ಬಳಸಲು ಸುಲಭ ಎನ್ನಿಸುವುದು). 'ಗ್ರಹಿತ ಬಳಕೆ-ಸುಲಭತೆ' ಎಂದು ಬರೆದರೆ ಓದುಗರು ಪುಟ ಮಗುಚುತ್ತಾರೆ. ಬರೀ 'ಬಳಕೆಯ ಸುಲಭತೆ' ಎಂದರೆ ಅರ್ಥವೇ ಕೆಡುತ್ತದೆ, ಏಕೆಂದರೆ ಅದು ಆ್ಯಪಿನ ಗುಣವಾಗಿಬಿಡುತ್ತದೆ. ಡೇವಿಸ್ ಅಳೆಯಹೊರಟಿದ್ದು ಬಳಸುವವರ ಮನಸ್ಸನ್ನು. 'ಸುಲಭವೆಂಬ ಅನಿಸಿಕೆ' ಆಗಬಹುದೇನೋ, ಆದರೆ 'ಅನಿಸಿಕೆ' ಎಂದ ಕೂಡಲೇ ಸಭೆ ಮುಗಿದ ಮೇಲೆ ತುಂಬಿಸಿಕೊಳ್ಳುವ ಚೀಟಿ ನೆನಪಾಗುತ್ತದೆ.

ಸೋಜಿಗವೆಂದರೆ ಪರ್ಸೀವ್ಡ್ ರಿಸ್ಕ್‌ಗೆ (ಅಪಾಯವಿದೆ ಎನ್ನಿಸುವುದಕ್ಕೆ) ಈ ತಾಪತ್ರಯವಿಲ್ಲ. 'ಅಳುಕು' ಎಂದರೆ ಮುಗಿಯಿತು. ಅಪಾಯ ಹೊರಗಿರಲಿ ಬಿಡಲಿ, ಅಳುಕು ಇರುವುದು ಒಳಗೇ. "ಎಲ್ಲೋ ಒತ್ತಿ ಇದ್ದದ್ದೆಲ್ಲ ಹೋದರೆ?" ಎನ್ನುವವರದ್ದು ಇದೇ. ಅಂಗಡಿಯ ಸೌಂಡ್‌ಬಾಕ್ಸ್ ಇಂತಿಷ್ಟು ರೂಪಾಯಿ ಬಂತೆಂದು ಕನ್ನಡದಲ್ಲೇ ಕೂಗಿ ಹೇಳುವುದು ಕೂಡ ವ್ಯಾಪಾರಿಯ ಅಳುಕು ಕಳೆಯುವುದಕ್ಕೇ ಅಲ್ಲವೇ? ಹಾಗೆ 'ಸುಲಭ ಎನ್ನಿಸುವುದ'ಕ್ಕೂ ಒಂದೇ ಪದ ಇದ್ದೀತೇ? 'ಸಲೀಸು' ಹತ್ತಿರ ಬರುತ್ತದೆ, ಪೂರ್ತಿ ಮುಟ್ಟುವುದಿಲ್ಲ.

'ರೂಢಿ'ಯ ಬಗ್ಗೆಯೂ ಒಂದು ಅನುಮಾನ ಉಳಿದಿದೆ. ರೂಢಿ ಬಹಳ ದಿನದ ಬಳಕೆಯ ಮಾತು. ಆ್ಯಪ್ ಹಾಕಿಸಿಕೊಂಡು ಒಮ್ಮೆ ಬಳಸಿ ಬಿಟ್ಟವರನ್ನೂ ಸಮೀಕ್ಷೆಗಳು ಲೆಕ್ಕ ಹಿಡಿಯುತ್ತವೆ. ಆ ಮೊದಲ ಹೆಜ್ಜೆಗೆ ಏನೆನ್ನೋಣ? ಧಾರವಾಡ, ಕಲಬುರಗಿ, ಕರಾವಳಿಯ ಕಡೆಯವರು ನಿಮ್ಮಲ್ಲಿ ಆಡುವ ಮಾತು ತಿಳಿಸಿದರೆ ಉಪಕಾರ.