ಪಂಚೆಗೆ ಹತ್ತಿದ ಕೆಂಪು, ಗುಂಪಿಗೆ ಬಂದ ಮದ್ದು

ಅತ್ತಿಗೆ: ನಾಡಿದ್ದು ಗೃಹಪ್ರವೇಶ. ಒಗೆಯುವಾಗ ಹೊಸ ಕೆಂಪು ಟವೆಲ್ ಜೊತೆಗೆ ಸೇರಿ ನಿಮ್ಮಣ್ಣನ ಬಿಳಿ ಪಂಚೆಯೆಲ್ಲ ಗುಲಾಬಿಯಾಗಿದೆ. ಯಾರಿಗಾದರೂ ಉಪಾಯ ಗೊತ್ತಿದೆಯೇ?

ಚಿಕ್ಕಮ್ಮ: (ಫಾರ್ವರ್ಡ್ ಮಾಡಿದ್ದು) ಎಂಥ ಕಲೆಯಾದರೂ ಹತ್ತೇ ನಿಮಿಷ! ಅರ್ಧ ಬಕೆಟ್ ಬಿಸಿನೀರಿಗೆ ಎರಡು ಮುಚ್ಚಳ ಬ್ಲೀಚ್, ಅರ್ಧ ಲೋಟ ವಿನೆಗರ್, ಒಂದು ಹಿಡಿ ಉಪ್ಪು. ಎಲ್ಲರಿಗೂ ತಲುಪಿಸಿ.

ನಾನು: ಚಿಕ್ಕಮ್ಮ, ದಯವಿಟ್ಟು ಇದನ್ನು ಈಗಲೇ ಅಳಿಸಿ. ಅತ್ತಿಗೆ, ನೀವು ಇದನ್ನು ಮಾಡಲೇಬೇಡಿ.

ಚಿಕ್ಕಮ್ಮ: ಏಕೆ? ಪಾಪ, ಅವಳಿಗೆ ಸಹಾಯವಾಗಲಿ ಎಂದು ಕಳುಹಿಸಿದೆ. ಬ್ಲೀಚ್, ವಿನೆಗರ್ ಎರಡೂ ಮನೆಯಲ್ಲೇ ಇರುವ ಪದಾರ್ಥಗಳಲ್ಲವೇ?

ನಾನು: ಬೇರೆಬೇರೆಯಾಗಿ ಇದ್ದರೆ ಸರಿ. ಬ್ಲೀಚ್‌ನಲ್ಲಿರುವುದು ಸೋಡಿಯಂ ಹೈಪೋಕ್ಲೋರೈಟ್. ಅದಕ್ಕೆ ಹುಳಿ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ವಿನೆಗರ್ ಮಾತ್ರವಲ್ಲ, ನಿಂಬೆರಸವೂ ಅಷ್ಟೇ. ಶೌಚಾಲಯ ತೊಳೆಯುವ ಆ್ಯಸಿಡ್ ಅಂತೂ ಇನ್ನೂ ಅಪಾಯ. ನಮ್ಮ ಬಚ್ಚಲುಮನೆಗಳಿಗೆ ಇರುವುದು ಒಂದು ಸಣ್ಣ ಕಿಟಕಿ. ಬಕೆಟ್ಟಿನ ಮೇಲೆ ಬಗ್ಗಿ ಬಟ್ಟೆ ಅದ್ದುವವರ ಶ್ವಾಸಕೋಶಕ್ಕೇ ಅದು ನೇರವಾಗಿ ಹೋಗುತ್ತದೆ. ಆಯಿಗೆ ಉಬ್ಬಸವಿದೆ ಎನ್ನುವುದನ್ನಾದರೂ ನೆನೆಯಿರಿ.

ದೊಡ್ಡಪ್ಪ: ಬ್ಲೀಚ್ ಬಿಡು. ಉಪ್ಪಿನಲ್ಲಿ ಏನು ತಪ್ಪು? ನಿಮ್ಮ ದೊಡ್ಡಮ್ಮ ಹೊಸ ಸೀರೆಗಳನ್ನೆಲ್ಲ ಉಪ್ಪುನೀರಿನಲ್ಲೇ ನೆನೆಸುತ್ತಿದ್ದಳು. ಒಂದರದೂ ಬಣ್ಣ ಬಿಡುತ್ತಿರಲಿಲ್ಲ.

ನಾನು: ದೊಡ್ಡಪ್ಪ, ಉಪ್ಪುನೀರಿನಲ್ಲಿ ಬಣ್ಣ ಸುಲಭವಾಗಿ ಕರಗುವುದಿಲ್ಲ, ಅದಕ್ಕೇ ಆ ನೀರು ತಿಳಿಯಾಗಿ ಕಂಡಿತು. ಮುಂದೆ ಬರೀ ನೀರಿಗೆ ಹಾಕಿದಾಗ ಹೆಚ್ಚಾಗಿ ಉಳಿದ ಬಣ್ಣ ಮತ್ತೆ ಹೊರಡುತ್ತದೆ. ಇಲ್ಲಿ ಇನ್ನೊಂದು ತೊಂದರೆಯಿದೆ. ಹತ್ತಿಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ತೊಟ್ಟಿಗೆ ಉಪ್ಪು ಸುರಿಯುವುದೇ ಬಣ್ಣ ನೂಲಿಗೆ ಹತ್ತಲಿ ಎಂದು. ಬಿಡಿಸಬೇಕಾದ ಪಂಚೆಗೆ ಅದನ್ನೇ ಹಾಕಿದರೆ ಕೆಂಪನ್ನು ಇನ್ನಷ್ಟು ಒಳಗೆ ತಳ್ಳಿದಂತೆ.

ದೊಡ್ಡಪ್ಪ: ನಲವತ್ತು ವರ್ಷ ನಡೆದ ಪದ್ಧತಿ ಸುಳ್ಳೇ?

ನಾನು: ದೊಡ್ಡಮ್ಮನ ಕೈಯಲ್ಲಿ ಸೀರೆಗಳು ಬಾಳಿದ್ದು ನಿಜ. ಅವರು ಒಂದೊಂದನ್ನೂ ಬೇರೆಯಾಗಿ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಹರಡುತ್ತಿದ್ದರು. ಕಾಪಾಡಿದ್ದು ಆ ಜತನ ಎಂದೇ ನನ್ನ ನಂಬಿಕೆ. ಅತ್ತಿಗೆ, ಪಂಚೆ ಈಗ ಎಲ್ಲಿದೆ?

ಅತ್ತಿಗೆ: ತಂತಿಯ ಮೇಲೆ. ಇನ್ನೂ ಹಸಿಯಿದೆ.

ನಾನು: ತಕ್ಷಣ ತೆಗೆಯಿರಿ, ಒಣಗಲು ಬಿಡಬೇಡಿ. ಇಸ್ತ್ರಿಯಂತೂ ಬೇಡವೇ ಬೇಡ. ಒಣಗಿ ಕಾವು ತಾಗಿದರೆ ಬಣ್ಣ ಬಿಡಿಸುವುದು ಬಹಳ ಕಷ್ಟ. ಈಗಲೇ ಅದೊಂದನ್ನೇ ಸಾಬೂನಿನ ಪುಡಿಯಲ್ಲಿ ಮತ್ತೆ ಒಗೆಯಿರಿ. ಆಗಲೇ ಹತ್ತಿದ ಸಡಿಲ ಬಣ್ಣ ಎಷ್ಟೋ ಸಲ ಅಷ್ಟರಲ್ಲೇ ಹೋಗುತ್ತದೆ. ಉಳಿದರೆ ಆಕ್ಸಿಜನ್ ಬ್ಲೀಚ್ ತರಿಸಿ. ಪೊಟ್ಟಣದ ಮೇಲೆ ಸೋಡಿಯಂ ಪರ್‌ಕಾರ್ಬೊನೇಟ್ ಎಂದಿರಬೇಕು. ನೀರಿನಲ್ಲಿ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಬಣ್ಣವನ್ನು ಕೆಡಿಸುವುದು ಆ ಪೆರಾಕ್ಸೈಡ್. ತಣ್ಣೀರಿನಲ್ಲಿ ಬಹಳ ನಿಧಾನ, ಆದ್ದರಿಂದ ಚೆನ್ನಾಗಿ ಬಿಸಿಯಾದ ನೀರಿನಲ್ಲಿ ಕರಗಿಸಿ ಕೆಲವು ಗಂಟೆ ನೆನೆಸಿಡಿ. ಅದಕ್ಕೂ ವಿನೆಗರ್ ಬೆರೆಸಬೇಡಿ.

ಅತ್ತಿಗೆ: ಜರಿ ಅಂಚಿದೆಯಲ್ಲ? ಜೊತೆಗೆ ರೇಷ್ಮೆ ಶಲ್ಯಕ್ಕೂ ಸ್ವಲ್ಪ ಹತ್ತಿದೆ.

ನಾನು: ಅಂಚನ್ನು ಬಕೆಟ್ಟಿನ ಹೊರಗೆ ಇಳಿಬಿಟ್ಟು ಬಿಳಿ ಭಾಗವನ್ನಷ್ಟೇ ನೆನೆಸಿ. ಶಲ್ಯಕ್ಕೆ ಈ ಪುಡಿ ಬೇಡ, ಸೋಡಾದ ಕ್ಷಾರಕ್ಕೆ ರೇಷ್ಮೆ ಕೆಡುತ್ತದೆ. ಮಾಮೂಲಿ ಬ್ಲೀಚ್ ತಾಗಿದರೆ ಹಳದಿಗಟ್ಟಿ ನೂಲೇ ಸವೆಯುತ್ತದೆ. ಅದನ್ನು ಒದ್ದೆಯಾಗಿಯೇ ಟವೆಲ್‌ನಿಂದ ದೂರವಿಟ್ಟು, ರೇಷ್ಮೆಯ ಕೆಲಸ ಬಲ್ಲ ಡ್ರೈಕ್ಲೀನರ್‌ಗೆ ಇಂದೇ ಕೊಡಿ.

ಅಣ್ಣ: ನೀಲಿ ಹಾಕಿದರೆ ಮುಚ್ಚಿಹೋಗುವುದಿಲ್ಲವೇ?

ನಾನು: ನೀಲಿ ಹಳದಿಯನ್ನು ಮರೆಮಾಡುತ್ತದೆ. ಗುಲಾಬಿಯ ಮೇಲೆ ಹಾಕಿದರೆ ಪಂಚೆ ನೇರಳೆಗೆ ತಿರುಗುತ್ತದೆ ಅಣ್ಣ.

ಚಿಕ್ಕಮ್ಮ: ಇಲ್ಲಿ ಅಳಿಸಿದೆ. ಆದರೆ ಬೆಳಗ್ಗೆಯೇ ಭಜನಾ ಮಂಡಳಿಯ ಗುಂಪಿಗೂ ಹಾಕಿದ್ದೆ.

ನಾನು: ಅಲ್ಲಿ ಅಳಿಸಿದರೆ ಮಾತ್ರ ಸಾಲದು ಚಿಕ್ಕಮ್ಮ, ಓದಿದವರು ಓದಿರುತ್ತಾರೆ. ಬ್ಲೀಚ್‌ಗೆ ವಿನೆಗರ್ ಬೆರೆಸಬಾರದು, ವಿಷಾನಿಲ ಬರುತ್ತದೆ ಎಂದು ನಿಮ್ಮ ಮಾತಿನಲ್ಲೇ ಬರೆಯಿರಿ. ನಿಮ್ಮ ಮಾತನ್ನು ಅವರು ಕೇಳುತ್ತಾರೆ.

ಚಿಕ್ಕಮ್ಮ: ಬರೆಯುತ್ತಿದ್ದೇನೆ.

ದೊಡ್ಡಪ್ಪ: ಉಪ್ಪಿನ ಮಾತು ಇನ್ನೂ ಮುಗಿದಿಲ್ಲ. ಗೃಹಪ್ರವೇಶಕ್ಕೆ ಬಾ, ಎದುರಿಗೆ ಕೂತು ಮಾತಾಡೋಣ.