‘ಅವಳಿ ಪದವಿ’, ‘ಜಂಟಿ ಪದವಿ’, ‘ದ್ವಿಪದವಿ’: ಯಾವುದು ಯಾವುದಕ್ಕೆ?

ಬಳಗದವರಿಗೆ ನಮಸ್ಕಾರ.

ಎರಡು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಪಿಎಚ್.ಡಿ. ಬಗ್ಗೆ ಕನ್ನಡದಲ್ಲಿ ಒಂದು ಮಾಹಿತಿ ಬರಹ ಸಿದ್ಧ ಮಾಡುತ್ತಿದ್ದೇನೆ. ಎಂ.ಎ., ಎಂ.ಎಸ್‌ಸಿ. ಮುಗಿಸಿ ಮುಂದೇನು ಅಂತ ಯೋಚಿಸುತ್ತಿರುವವರು ಓದಲಿ ಎಂಬ ಆಸೆ. ವಿಷಯವೇನೋ ಬಿಡಿಸಿ ಹೇಳಬಹುದು. ಆದರೆ ಈಗ ಬಳಕೆಯಲ್ಲಿರುವ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತವೆ. ಓದುವವರಿಗೆ ಮೊದಲು ಬೇಕಾದದ್ದು ಒಂದೇ: ಕೊನೆಗೆ ಕೈಗೆ ಎಷ್ಟು ಪದವಿಪತ್ರ ಬರುತ್ತದೆ, ಯಾರು ಕೊಡುತ್ತಾರೆ? ಪದ ನೋಡಿದ ಕೂಡಲೇ ಅದು ಹೊಳೆಯಬೇಕು. ಈಗ ಹೊಳೆಯುತ್ತಿಲ್ಲ.

ಮೊದಲು ವ್ಯವಸ್ಥೆ ಹೇಗಿದೆ ಹೇಳುತ್ತೇನೆ. ಭಾರತದ ಮತ್ತು ಹೊರದೇಶದ ಸಂಸ್ಥೆಗಳು ಕೈಜೋಡಿಸಲು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮಗಳಲ್ಲಿ ಮೂರು ದಾರಿಗಳಿವೆ. ಟ್ವಿನ್ನಿಂಗ್, ಜಾಯಿಂಟ್ ಡಿಗ್ರಿ, ಡ್ಯುಯಲ್ ಡಿಗ್ರಿ. ಟ್ವಿನ್ನಿಂಗ್‌ನಲ್ಲಿ ವಿದ್ಯಾರ್ಥಿ ಸ್ವಲ್ಪ ಭಾಗವನ್ನು ಹೊರದೇಶದ ಸಂಸ್ಥೆಯಲ್ಲಿ ಓದುತ್ತಾರೆ. ಅಲ್ಲಿಂದ ಬರುವ ಕ್ರೆಡಿಟ್ (ಓದಿನ ಪ್ರಮಾಣ ಅಳೆಯುವ ಅಂಕ) ಒಟ್ಟು ಕ್ರೆಡಿಟ್‌ನ ಶೇ 30 ದಾಟುವಂತಿಲ್ಲ. ಪದವಿ ಕೊಡುವುದು ಭಾರತದ ಸಂಸ್ಥೆ ಮಾತ್ರ. ಜಾಯಿಂಟ್ ಡಿಗ್ರಿಯಲ್ಲಿ ಪಠ್ಯವನ್ನು ಇಬ್ಬರೂ ಸೇರಿ ರೂಪಿಸುತ್ತಾರೆ. ಎರಡೂ ಕಡೆಯಿಂದ ಕನಿಷ್ಠ ಶೇ 30 ಕ್ರೆಡಿಟ್ ಬರಬೇಕು. ಪದವಿಪತ್ರ ಒಂದೇ, ಕೊಡುವವರು ಇಬ್ಬರು. ಡ್ಯುಯಲ್ ಡಿಗ್ರಿಯಲ್ಲಿ ಎರಡು ಸಂಸ್ಥೆಗಳೂ ಬೇರೆ ಬೇರೆಯಾಗಿ, ಒಂದೇ ಹೊತ್ತಿಗೆ ಪದವಿ ಕೊಡುತ್ತವೆ.

ಈಗ ‘ಅವಳಿ’ ನೋಡಿ. ಟ್ವಿನ್ ಎಂದರೆ ಅವಳಿ ಅಂತ ಟ್ವಿನ್ನಿಂಗ್ ‘ಅವಳಿ ಪದವಿ’ ಆಗಿಬಿಟ್ಟಿದೆ. ಆದರೆ ಕನ್ನಡದ ಕಿವಿಗೆ ಅವಳಿ ಎಂದರೆ ಎರಡು. ಅವಳಿ ಮಕ್ಕಳು ಇಬ್ಬರು. ಹುಬ್ಬಳ್ಳಿ-ಧಾರವಾಡ ಅವಳಿ ನಗರ, ಅಲ್ಲೂ ಎರಡು. ಅವಳಿ ಪದವಿ ಎಂದು ಓದಿದ ಹುಡುಗಿ ಎರಡು ಪದವಿ ಸಿಗುತ್ತದೆ ಅಂದುಕೊಂಡರೆ ತಪ್ಪು ಅವಳದ್ದಲ್ಲ, ಪದದ್ದು. ಮೂರು ದಾರಿಗಳಲ್ಲಿ ಹೊರದೇಶದ ಸಂಸ್ಥೆ ಪದವಿಯನ್ನೇ ಕೊಡದ ದಾರಿಗೆ ಈ ಹೆಸರು ಅಂಟಿದೆ. ಇದನ್ನು ಕೈಬಿಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಬದಲಿಗೆ ಏನು? ‘ಟ್ವಿನ್ನಿಂಗ್’ ಅಂತಲೇ ಉಳಿಸಿ, ‘ಸ್ವಲ್ಪ ಓದು ಅಲ್ಲಿ, ಪದವಿ ಇಲ್ಲಿಯದೇ’ ಎಂದು ಪಕ್ಕದಲ್ಲಿ ಬರೆಯೋಣ ಅನ್ನಿಸಿದೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ.

‘ದ್ವಿಪದವಿ’ಗೆ ಬೇರೆ ತೊಡಕು. ಐಐಟಿಗಳಲ್ಲಿ ಡ್ಯುಯಲ್ ಡಿಗ್ರಿ ಎಂದರೆ ಬಿ.ಟೆಕ್. ಮತ್ತು ಎಂ.ಟೆಕ್. ಎರಡನ್ನೂ ಒಂದೇ ಕಡೆ ಐದು ವರ್ಷಕ್ಕೆ ಮುಗಿಸುವುದು. ಸಾಲದ್ದಕ್ಕೆ 2022ರಲ್ಲೇ ಯುಜಿಸಿ ಇನ್ನೊಂದು ಅವಕಾಶ ಕೊಟ್ಟಿತು. ಒಬ್ಬ ವಿದ್ಯಾರ್ಥಿ ಒಂದೇ ಸಮಯದಲ್ಲಿ ಎರಡು ಬೇರೆ ಬೇರೆ ಕೋರ್ಸ್ ಓದಬಹುದು, ಉದಾಹರಣೆಗೆ ಬಿ.ಕಾಂ. ಜೊತೆಗೆ ಇನ್ನೊಂದು ಡಿಪ್ಲೊಮಾ. ಪಿಎಚ್.ಡಿ.ಗೆ ಅದು ಅನ್ವಯಿಸುವುದಿಲ್ಲ. ಹೀಗೆ ಮೂರು ಸಂಗತಿಗಳ ಮೇಲೂ ದ್ವಿಪದವಿ ಎಂಬ ಒಂದೇ ಚೀಟಿ ಅಂಟಿಸಿದರೆ ಓದುಗ ಏನು ತಿಳಿಯಬೇಕು? ಸಹಯೋಗದಲ್ಲಿ ಬರುವುದಕ್ಕೆ ‘ಜೋಡಿ ಪದವಿ’ ಎನ್ನಬಹುದಾ? ಜೋಡಿ ಎತ್ತು, ಜೋಡಿ ರಸ್ತೆ, ಜೋಡಿ ಹಳಿ ಎನ್ನುತ್ತೇವಲ್ಲ. ಒಂದೇ ಬಗೆಯ ಎರಡು, ಅಕ್ಕಪಕ್ಕ. ಒಂದೇ ವಿಷಯಕ್ಕೆ, ಒಂದೇ ಮಟ್ಟದಲ್ಲಿ ಎರಡು ಪದವಿಪತ್ರ ಎಂಬುದಕ್ಕೆ ಅದು ಸರಿಯಾಗಿ ಹೊಂದುತ್ತದೆ.

‘ಜಂಟಿ ಪದವಿ’ ಜಾಯಿಂಟ್ ಡಿಗ್ರಿಗೆ ಚೆನ್ನಾಗಿ ನಿಂತಿದೆ. ಬ್ಯಾಂಕಿನ ಜಂಟಿ ಖಾತೆ ಎಲ್ಲರಿಗೂ ಗೊತ್ತು: ಪುಸ್ತಕ ಒಂದು, ಹಕ್ಕು ಇಬ್ಬರದು. ಮುಂಬೈ ಪೊವಾಯಿಯಲ್ಲಿ ಐಐಟಿ ಬಾಂಬೆ ಮತ್ತು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯ 2008ರಲ್ಲಿ ಶುರು ಮಾಡಿದ ಸಂಶೋಧನಾ ಅಕಾಡೆಮಿ ಇಂಥದ್ದೇ. ಅಲ್ಲಿನ ಸಂಶೋಧನಾರ್ಥಿಗೆ ಎರಡೂ ಕಡೆ ಗೈಡ್ ಇರುತ್ತಾರೆ. ಸ್ವಲ್ಪ ಕಾಲ ಆಸ್ಟ್ರೇಲಿಯಾದಲ್ಲಿ ಕಳೆಯಬೇಕು. ಎರಡೂ ಸಂಸ್ಥೆ ಸೇರಿ ಒಂದು ಪದವಿ ಕೊಡುತ್ತವೆ. ಯುಜಿಸಿ ನಿಯಮದಲ್ಲೂ ಜಂಟಿ ಪಿಎಚ್.ಡಿ.ಗೆ ಎರಡೂ ಕಡೆ ಒಬ್ಬೊಬ್ಬ ಮಾರ್ಗದರ್ಶಕರು, ಎರಡೂ ಕಡೆ ಕನಿಷ್ಠ ಒಂದೊಂದು ಸೆಮಿಸ್ಟರ್, ಮಹಾಪ್ರಬಂಧ ಮಾತ್ರ ಒಂದೇ ಎಂದಿದೆ.

ಆದರೆ ಜಂಟಿ ಎಂಬ ಮಾತು ಯಾವುದರ ಮೇಲೆ ಕೂರುತ್ತದೆ ಎಂದು ನೋಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಿಂದಲೂ ‘ಜಂಟಿ ಖಗೋಳ ವಿಜ್ಞಾನ ಕಾರ್ಯಕ್ರಮ’ ನಡೆಯುತ್ತಿದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ಮುಂತಾದವು ಅದರಲ್ಲಿ ಭಾಗಿ. ಮೊದಲು ಕೋರ್ಸ್‌ವರ್ಕ್, ಅಂದರೆ ತರಗತಿಯ ಓದು. ಪಾಠ ಮಾಡುವವರು ಬೇರೆ ಬೇರೆ ಸಂಸ್ಥೆಗಳಿಂದ ಬರುತ್ತಾರೆ. ಆಮೇಲೆ ವಿದ್ಯಾರ್ಥಿ ಈ ಸಂಸ್ಥೆಗಳಲ್ಲಿ ಒಬ್ಬ ಗೈಡ್ ಆರಿಸಿಕೊಳ್ಳಬಹುದು. ಪದವಿ ಕೊಡುವುದು ಭಾರತೀಯ ವಿಜ್ಞಾನ ಸಂಸ್ಥೆಯೊಂದೇ. ಅಂದರೆ ಇಲ್ಲಿ ಜಂಟಿಯಾಗಿರುವುದು ಕಾರ್ಯಕ್ರಮ, ಪದವಿ ಅಲ್ಲ. ಬಹಳ ಒಳ್ಳೆಯ ಏರ್ಪಾಡು ಇದು. ಒಂದೇ ಊರಿನಲ್ಲಿದ್ದ ಪರಿಣತಿಯನ್ನೆಲ್ಲ ಒಂದು ತರಗತಿಗೆ ತಂದಿತು. ಇದನ್ನು ‘ಜಂಟಿ ಪಿಎಚ್.ಡಿ.’ ಎಂದು ಚುಟುಕಾಗಿ ಬರೆದರೆ ಅರ್ಥ ಕೆಡುತ್ತದೆ.

ಗೈಡ್ ವಿಚಾರವೇ ನನಗೆ ಹೆಚ್ಚು ಕಾಡುತ್ತಿರುವುದು. ಎರಡನೆಯವರನ್ನು ‘ಸಹ-ಮಾರ್ಗದರ್ಶಕ’ ಎನ್ನುವುದು ರೂಢಿ. ನಮ್ಮ ಕಾಲೇಜುಗಳಲ್ಲಿ ಸಹ ಪ್ರಾಧ್ಯಾಪಕ ಪ್ರಾಧ್ಯಾಪಕರಿಗಿಂತ ಒಂದು ಮೆಟ್ಟಿಲು ಕೆಳಗೆ. ಹಾಗಾಗಿ ಸಹ-ಮಾರ್ಗದರ್ಶಕರೂ ಸುಮ್ನೆ ಜೊತೆಗಿದ್ದವರು ಎಂಬ ಭಾವ ಬರುತ್ತದೆ. ಸಹಪಾಠಿ, ಸಹೋದರ ಎಂಬಲ್ಲಿ ಆ ಮೇಲು-ಕೀಳು ಇಲ್ಲ, ಹುದ್ದೆಯ ಹೆಸರಿನಲ್ಲಿ ಮಾತ್ರ ಬರುತ್ತದೆ. ‘ಜಂಟಿ ಮಾರ್ಗದರ್ಶಕ’ ಎಂದರೂ ಆ ತೊಡಕು ತಪ್ಪಲಿಲ್ಲ. ಜಂಟಿ ನಿರ್ದೇಶಕರು ನಿರ್ದೇಶಕರಿಗಿಂತ ಕೆಳಗಲ್ವಾ? ಖಾತೆ, ಅಧಿವೇಶನ, ಹೇಳಿಕೆಗೆ ಜಂಟಿ ಸೇರಿದರೆ ಸಮಪಾಲು. ಅಧಿಕಾರಿಗೆ ಸೇರಿದರೆ ದರ್ಜೆ.

ಫ್ರಾನ್ಸಿನಲ್ಲಿ ‘ಕೋತ್ಯುತೆಲ್’ ಎಂಬ ಪದ್ಧತಿ ಇದೆ. 2005ರಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ವಿವರವಾದ ಆದೇಶ ಹೊರಡಿಸಿತು. ಒಬ್ಬೊಬ್ಬ ಸಂಶೋಧನಾರ್ಥಿಗೂ ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದ ಆಗಬೇಕು. ಮಹಾಪ್ರಬಂಧ ಒಂದು, ವೈವಾ (ಮೌಖಿಕ ಪರೀಕ್ಷೆ) ಒಂದು. ಪದವಿಪತ್ರ ಮಾತ್ರ ಒಪ್ಪಂದದಂತೆ ಒಂದೂ ಆಗಬಹುದು, ಎರಡೂ ಆಗಬಹುದು. ಇಬ್ಬರು ಗೈಡ್‌ಗಳೂ ಅಲ್ಲಿ ಸರಿಸಮ, ಇಬ್ಬರ ಹೊಣೆಯೂ ಪೂರ್ತಿ. ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ‘ಇಬ್ಬರು ಮಾರ್ಗದರ್ಶಕರ ಪಿಎಚ್.ಡಿ.’ ಎಂದು ಬಿಡಿಸಿ ಬರೆದಿದ್ದೇನೆ. ‘ಸಹ’ ಎಲ್ಲೂ ಬಳಸಿಲ್ಲ.

ಕೊನೆಯದು, ಹಲವು ವಿಶ್ವವಿದ್ಯಾಲಯಗಳು ಸೇರಿ ನಡೆಸುವ ಕೋರ್ಸ್. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್, ಬಾತ್, ಬ್ರಿಸ್ಟಲ್, ವಾರಿಕ್ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜು ಗಣಿತದ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ವಿಡಿಯೊ ಮೂಲಕ ಹೀಗೆ ಪಾಠ ನಡೆಸುತ್ತವೆ. ಒಂದು ಸೂಕ್ಷ್ಮ ವಿಷಯಕ್ಕೆ ಒಂದೊಂದು ಕಡೆ ಇಬ್ಬರೋ ಮೂವರೋ ಇರುತ್ತಾರೆ. ಎಲ್ಲ ಸೇರಿದರೆ ತರಗತಿ ಆಗುತ್ತದೆ. ಇದಕ್ಕೆ ‘ಹಂಚಿಕೆಯ ಕೋರ್ಸ್’ ಎಂದರೆ ಕೋರ್ಸನ್ನೇ ತುಂಡು ಮಾಡಿ ಹಂಚಿದಂತೆ ಕೇಳುತ್ತದೆ. ‘ಸಾಮಾನ್ಯ ಕೋರ್ಸ್’ ಎಂದರೆ ವಿಶೇಷವಿಲ್ಲದ್ದು ಎಂದಾಗುತ್ತದೆ. ಕೂಡುಕುಟುಂಬ, ಕೂಡುರಸ್ತೆ ಇದ್ದ ಹಾಗೆ ‘ಕೂಡುಪಾಠ’ ಎಂದರೆ?

ನನ್ನ ಪ್ರಶ್ನೆಗಳು ಇಷ್ಟು. ಜೋಡಿ ಪದವಿ, ಕೂಡುಪಾಠ ನಿಮ್ಮ ಕಡೆ ಕಿವಿಗೆ ಹೊಂದುತ್ತವಾ? ಉತ್ತರ ಕರ್ನಾಟಕದವರು, ಕರಾವಳಿಯವರು ‘ಜೋಡಿ’ಗೆ ಬೇರೆ ಛಾಯೆ ಕೊಡುತ್ತೀರಾ? ಸಮಾನ ಹೊಣೆಯ ಇಬ್ಬರು ಗೈಡ್‌ಗಳಿಗೆ ಒಂದೇ ಪದ ಯಾರಾದರೂ ಬಳಸಿದ್ದೀರಾ? ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದಲ್ಲಿ ಕೆಲಸ ಮಾಡುವವರು ಇದ್ದರೆ, ನಿಮ್ಮಲ್ಲಿ ಕನ್ನಡ ಆದೇಶಗಳಲ್ಲಿ ಏನು ಬರೆಯುತ್ತಾರೆ ಎಂದು ತಿಳಿಸಿದರೆ ತುಂಬಾ ಉಪಕಾರ.