ತೋಟಕ್ಕೆ ನೀರು ಬಿಟ್ಟರೂ ಸೆನ್ಸರ್ ‘ಒಣಗಿದೆ’ ಅಂತಲೇ ತೋರಿಸುತ್ತಿದೆ

ಸುರಂಗದನೀರು:
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಮುಳ್ಳೇರಿಯ ಹತ್ತಿರ ನಮ್ಮ ಅಡಿಕೆ ತೋಟ. ನೀರು ಸುರಂಗದ್ದು, ಅಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯದ್ದು. ಮಾರ್ಚ್ ಬಂತೆಂದರೆ ಟ್ಯಾಂಕಿ ತುಂಬುವುದೇ ನಿಧಾನ. ಯಾವ ಭಾಗಕ್ಕೆ ನಿಜವಾಗಿ ನೀರು ಬೇಕು ಅಂತ ಮನೆಯಲ್ಲೇ ಗೊತ್ತಾಗಲಿ ಎಂದು ಒಂದು ಯಂತ್ರ ಮಾಡಿದೆ. ಇಎಸ್‌ಪಿ32 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್), ಮಣ್ಣಿನ ತೇವ ಅಳೆಯಲು 1.2 ಎಂದು ಬರೆದಿರುವ ಕೆಪಾಸಿಟಿವ್ ಸೆನ್ಸರ್, 2500 ಎಂಎಎಚ್‌ನ ಒಂದು 18650 ಸೆಲ್ (ಚಾರ್ಜ್ ಮಾಡುವ ಬ್ಯಾಟರಿ). ಅರ್ಧ ಗಂಟೆಗೊಮ್ಮೆ ಎಚ್ಚರವಾಗಿ ವೈಫೈಯಲ್ಲಿ ರೀಡಿಂಗ್ ಕಳಿಸಿ ಮತ್ತೆ ಕರೆಂಟು ಉಳಿಸುವ ಡೀಪ್ ಸ್ಲೀಪ್‌ಗೆ ಹೋಗುತ್ತದೆ.

ಮಣ್ಣು ಒದ್ದೆಯಾದಷ್ಟೂ ಅಂಕಿ ಇಳಿಯಬೇಕು. ಒಣ ಮಣ್ಣಿನಲ್ಲಿ 2900 ಬರುತ್ತದೆ. ಒಂದು ಗಂಟೆ ಸ್ಪ್ರಿಂಕ್ಲರ್ ಬಿಟ್ಟ ಮೇಲೂ 2700. ಬೆರಳು ಹಾಕಿದರೆ ಮಣ್ಣು ಚೆನ್ನಾಗಿ ಒದ್ದೆ! ಮರುದಿನ ಬೆಳಿಗ್ಗೆ ನೋಡಿದರೆ ತಾನಾಗಿ 1600ಕ್ಕೆ ಇಳಿದಿರುತ್ತದೆ. ಇನ್ನೊಂದು, ಸೆಲ್ ಒಂದೇ ವಾರದಲ್ಲಿ ಖಾಲಿ.

ಮೊನ್ನೆ ಅಪ್ಪ ಈ ರೀಡಿಂಗ್ ನಂಬಿ ಇನ್ನೊಮ್ಮೆ ಪಂಪ್ ಹಾಕಿದರು. ಅಷ್ಟು ನೀರೂ ಕಣಿಗೆ ಹರಿದು ಹೋಯಿತು. ಅದಕ್ಕೇ ತುಂಬಾ ಬೇಸರ.

ಪೆರ್ಲದವ:
ಸೆನ್ಸರ್ ಯಾವ ಪಿನ್ನಿಗೆ ಕೊಟ್ಟಿದ್ದೀರಿ? ವೈಫೈ ಆನ್ ಇರುವಾಗ ಇಎಸ್‌ಪಿ32ರಲ್ಲಿ ವೋಲ್ಟೇಜನ್ನು ಅಂಕಿ ಮಾಡುವ ಎರಡನೇ ಭಾಗವಾದ ಎಡಿಸಿ2ರ ಪಿನ್ನುಗಳಲ್ಲಿ ಅನಲಾಗ್ ಓದಲು ಆಗುವುದಿಲ್ಲ. 32ರಿಂದ 39ರ ಒಳಗಿನದ್ದು ಬಳಸಿ.

ಸುರಂಗದನೀರು:
34ಕ್ಕೇ ಕೊಟ್ಟಿದ್ದೇನೆ ಅಣ್ಣ. ಸೆನ್ಸರಿಗೆ ಕರೆಂಟು 3.3 ವೋಲ್ಟ್ ಪಿನ್ನಿಂದ, ಯಾವಾಗಲೂ ಆನ್.

ಬೆಸುಗೆಅಕ್ಕ:
ಹಾಗಿದ್ದರೆ ಪಿನ್ನಿನ ತಪ್ಪಲ್ಲ. ಮಣ್ಣನ್ನು ಸದ್ಯಕ್ಕೆ ಬಿಡಿ. ಒಂದು ಲೋಟ ನೀರು ತೆಗೆದುಕೊಂಡು ಸೆನ್ಸರನ್ನು ಗೆರೆಯವರೆಗೆ ಮಾತ್ರ ಅದ್ದಿ. ಮೇಲಿನ ಚಿಪ್ಪುಗಳಿಗೆ ನೀರು ತಾಗಬಾರದು. ರೀಡಿಂಗ್ ಕೆಳಗಿಳಿಯಲು ಎಷ್ಟು ಹೊತ್ತು, ಹೊರಗೆ ತೆಗೆದಾಗ ಮೇಲೇರಲು ಎಷ್ಟು ಹೊತ್ತು, ಎರಡನ್ನೂ ಗಡಿಯಾರ ಹಿಡಿದು ನೋಡಿ ಹೇಳಿ.

ಸುರಂಗದನೀರು:
ವಿಚಿತ್ರ ಅಕ್ಕ! ಇಳಿಯಲು ಹನ್ನೆರಡು ನಿಮಿಷ ಬೇಕಾಯಿತು. ಹೊರಗೆ ತೆಗೆದ ಕೂಡಲೇ ಮೇಲೆ ಹಾರಿತು.

ಬೆಸುಗೆಅಕ್ಕ:
ಸಿಕ್ಕಿತು. ಆ ಸೆನ್ಸರಿನಲ್ಲಿ ಒಂದು 555 ಟೈಮರ್ ಚಿಪ್ ಇದೆ. ಅದರ ಅಲೆ ಮಣ್ಣಿನ ತೇವಕ್ಕೆ ತಕ್ಕಂತೆ ಕುಗ್ಗುತ್ತದೆ. ಆ ಅಲೆಯ ತುದಿಯನ್ನು ಒಂದು ಡಯೋಡ್ ಮತ್ತು ಸಣ್ಣ ಕೆಪಾಸಿಟರ್ ಹಿಡಿದಿಡುತ್ತವೆ. ಕೆಪಾಸಿಟರ್ ತುಂಬುವುದು ಡಯೋಡಿನ ಮೂಲಕ, ಬೇಗ. ಖಾಲಿಯಾಗಲು 1 ಮೆಗಾಓಮ್‌ನ ಒಂದು ರೆಸಿಸ್ಟರ್ ಗ್ರೌಂಡಿಗೆ ಹೋಗಬೇಕು. ಈ ಜಾತಿಯ ಕೆಲವು ಬೋರ್ಡುಗಳಲ್ಲಿ ಆ ರೆಸಿಸ್ಟರ್ ಇರುತ್ತದೆ, ಆದರೆ ಅದರ ಇನ್ನೊಂದು ತುದಿ ಗ್ರೌಂಡಿಗೆ ತಾಗಿರುವುದೇ ಇಲ್ಲ. ತುಂಬಿದ್ದು ಖಾಲಿಯಾಗಲು ದಾರಿ ಇಲ್ಲ, ಅಷ್ಟೇ. ಒಣಗಿದ್ದು ಕೂಡಲೇ ಗೊತ್ತಾಗುತ್ತದೆ, ಒದ್ದೆಯಾದದ್ದು ಗೊತ್ತಾಗಲು ಕಾಯಬೇಕು.

ಸೆನ್ಸರ್ ಕಳಚಿ, ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಸುಮಾರು 1 ಮೆಗಾಓಮ್ ಬಂದರೆ ನಾನು ಹೇಳಿದ್ದು ತಪ್ಪು. ಬಾರದಿದ್ದರೆ ಅವೆರಡರ ನಡುವೆ ಹೊರಗಿನಿಂದ ಒಂದು 1 ಮೆಗಾಓಮ್ ಬೆಸುಗೆ ಹಾಕಿ. ಹಾಗೆಯೇ ಚಿಪ್ಪಿನ ಮೇಲೆ ಟಿಎಲ್‌ಸಿ555 ಎಂದಿದೆಯಾ ನೋಡಿ. ಎನ್‌ಇ555 ಆದರೆ ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ನಿಮ್ಮ 3.3ರಲ್ಲಿ ನಂಬುವ ಹಾಗಿಲ್ಲ.

ಇನ್ನು ಸೆಲ್. ಇಎಸ್‌ಪಿ32 ಚಿಪ್ ಮಲಗಿದ್ದರೂ ಬೋರ್ಡ್ ಮಲಗಿರುವುದಿಲ್ಲ. ಎಎಂಎಸ್1117 ಎಂಬ, ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಒಂದೇ 5 ಮಿಲಿಆಂಪ್ ತಿನ್ನುತ್ತದೆ. ಸೆನ್ಸರಿಗೆ ಇನ್ನೊಂದು 5. ಕೆಂಪು ಎಲ್‌ಇಡಿ, ಯುಎಸ್‌ಬಿ ಚಿಪ್ ಬೇರೆ. ಒಟ್ಟು 15 ಅಂತ ಇಟ್ಟುಕೊಂಡರೆ 2500ನ್ನು 15ರಿಂದ ಭಾಗಿಸಿ, 166 ಗಂಟೆ. ನಿಮ್ಮ ಒಂದು ವಾರ ಅದೇ ಅಲ್ವಾ? ರೆಗ್ಯುಲೇಟರ್, ಎಲ್‌ಇಡಿ ಎರಡನ್ನೂ ಕಿತ್ತು, ಕಡಿಮೆ ಕರೆಂಟು ತಿನ್ನುವ ರೆಗ್ಯುಲೇಟರ್ ಎಚ್‌ಟಿ7833 ಹಾಕಿ. ವೈಫೈ ಒಮ್ಮೆಲೇ ಕರೆಂಟು ಎಳೆಯುತ್ತದೆ, ಅದಕ್ಕೆ ಪಕ್ಕದಲ್ಲಿ 470 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇರಲಿ. ಸೆನ್ಸರಿಗೆ ಕರೆಂಟು ಬೇರೊಂದು ಪಿನ್ನಿಂದ ಕೊಡಿ. ಓದುವಾಗ ಮಾತ್ರ ಆನ್ ಮಾಡಿ, ಅರ್ಧ ಸೆಕೆಂಡ್ ಕಾದು ಓದಿ.

ಸುರಂಗದನೀರು:
ಅಕ್ಕ, ಮಲ್ಟಿಮೀಟರ್ ಏನೂ ತೋರಿಸಲಿಲ್ಲ. ಚಿಪ್ ಟಿಎಲ್‌ಸಿ555ವೇ. ಹಳೇ ರೇಡಿಯೋದಿಂದ ಒಂದು ರೆಸಿಸ್ಟರ್ ಕಿತ್ತು ಹಾಕಿದೆ. ಈಗ ಲೋಟಕ್ಕೆ ಅದ್ದಿದ ಒಂದೇ ಸೆಕೆಂಡಿನಲ್ಲಿ ಇಳಿಯುತ್ತದೆ! ಎಚ್‌ಟಿ7833 ಮಂಗಳೂರಿನಿಂದ ತರಿಸಬೇಕು. ತೋಟದಲ್ಲಿ ಮಾತ್ರ ಒಂದು ಗಿಡದ ಬುಡಕ್ಕೂ ಪಕ್ಕದ ಬುಡಕ್ಕೂ ರೀಡಿಂಗ್ ತುಂಬಾ ಬೇರೆ ಬರುತ್ತಿದೆ.

ಬೆಸುಗೆಅಕ್ಕ:
ನಮ್ಮ ಮುರ (ಜಂಬಿಟ್ಟಿಗೆ) ಮಣ್ಣಿನಲ್ಲಿ ಕಲ್ಲು ಜಾಸ್ತಿ. ಸೆನ್ಸರ್ ಪಕ್ಕ ಸ್ವಲ್ಪ ಗಾಳಿ ಉಳಿದರೂ ಒಣಗಿದಂತೆ ಕಾಣುತ್ತದೆ. ಸುಮ್ನೆ ಒತ್ತಬೇಡಿ, ಸೆನ್ಸರಿನ ಹಲಗೆ ಬಾಗುತ್ತದೆ. ಗುಂಡಿ ತೋಡಿ, ಜರಡಿ ಹಿಡಿದ ಅದೇ ಮಣ್ಣನ್ನು ಸುತ್ತ ತುಂಬಿ ಗಟ್ಟಿ ಮಾಡಿ. ಒಣ, ಒದ್ದೆ ಅಂಕಿಗಳನ್ನು ಅದೇ ಮಣ್ಣಿನಲ್ಲಿ ತೆಗೆಯಿರಿ. ಹಲಗೆಯ ಕತ್ತರಿಸಿದ ಅಂಚಿಗೆ ಎರಡು ಸಲ ನೈಲ್ ಪಾಲಿಶ್ ಹಚ್ಚಿ, ನೀರು ಹೀರುವುದು ಅಲ್ಲಿಂದಲೇ.

ಸುರಂಗದನೀರು:
ಹಾಗೇ ಮಾಡಿದೆ ಅಕ್ಕ. ಇವತ್ತು ಸ್ಪ್ರಿಂಕ್ಲರ್ ಬಿಟ್ಟು ಇಪ್ಪತ್ತು ನಿಮಿಷಕ್ಕೆ 1700. ಅಪ್ಪ ಮೊಬೈಲ್ ನೋಡಿ ತಾವೇ ಹೋಗಿ ಪಂಪ್ ನಿಲ್ಲಿಸಿ ಬಂದರು.